ಹೆಸರಿನ ಮುಂದಿನ ಮಾತು

ಫೆಬ್ರವರಿ 20, ಗುರುವಾರ

ಇವತ್ತೂ ಬುತ್ತಿ ಬಂತು. ಬಬಲೇಶ್ವರದ ಬಸ್ಸಿನ ಕಂಡಕ್ಟರ್ ಫೋನ್ ಮಾಡಿ, "ಮೇಡಂ, ನಿಮ್ಮ ಡಬ್ಬಿ ಐತ್ರಿ, ಲಗೂನ ಬರ್ರಿ, ಗಾಡಿ ತಿರುಗಸ್ತೀವಿ" ಎಂದ. ನಾನು ಹೋಗಲಿಲ್ಲ. ಕೆಳಗಿನ ಮನೆಯ ಮುರ್ತುಜಾಸಾಬರು ಸ್ಟ್ಯಾಂಡಿನ ಕಡೆ ಹೊರಟಿದ್ದರು, ಅವರೇ ತಂದರು. ಗಂಟು ಬಿಚ್ಚಿದರೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಹಾಗೆಯೇ ಮತ್ತೆ ಕಟ್ಟಿ ಅವರ ಹೆಂಡತಿ ಬೀಬಿಜಾನರಿಗೆ ಕೊಟ್ಟುಬಿಟ್ಟೆ. ಅವರು ನನ್ನ ಮುಖ ನೋಡಿ, ಗಂಟು ಇಸಿದುಕೊಂಡು ಒಳಗೆ ಹೋದರು.

ಇಲ್ಲಿ ರೂಮು ಮಾಡಿ ಓದುವ ಹಳ್ಳಿಯ ಹುಡುಗರಿಗೆ ಅವರವ್ವಂದಿರು ಬಸ್ಸಿನಲ್ಲಿ ಬುತ್ತಿ ಕಳಿಸುವ ಪದ್ಧತಿ ಇದೆ. ನನಗೆ ಮೂವತ್ತೊಂಬತ್ತು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ, ಸ್ವಂತ ಸಂಬಳ. ಆ ಹುಡುಗರ ನಡುವೆ ನಿಂತು ನಾನೂ ಡಬ್ಬಿ ಇಸಿದುಕೊಳ್ಳಬೇಕೇ?

ಕಳಿಸುವವಳು ನನ್ನ ಅಕ್ಕ ವಿದ್ಯಾವತಿ. ಅವ್ವ ಅಪ್ಪ ಹೋದ ಮೇಲೆ ನಾವಿಬ್ಬರೇ ಇದ್ದೆವು. ಇಬ್ಬರಿಗೂ ಮದುವೆ ಆಗಲಿಲ್ಲ, ಆಗಲಿಲ್ಲವಲ್ಲ ಎಂದು ಅಳುತ್ತಲೂ ಕೂರಲಿಲ್ಲ. ಕಳೆದ ನವೆಂಬರಿನಲ್ಲಿ, ನಲವತ್ತೈದು ದಾಟಿದ ಮೇಲೆ, ಆಕೆ ಬಬಲೇಶ್ವರದ ಗುರಲಿಂಗಪ್ಪ ಎಂಬ ಹಾರ್ಡ್‌ವೇರ್ ಅಂಗಡಿಯವರನ್ನು ಮದುವೆಯಾದಳು. ನನಗೆ ಹೇಳಿದ್ದು ಎಲ್ಲ ಗಟ್ಟಿಯಾದ ಮೇಲೆ, ಎಲ್ಲರಿಗಿಂತ ಕೊನೆಗೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿ ಸಹಿ ಹಾಕಿ, ಊಟ ಮಾಡದೆ ಎದ್ದು ಬಂದೆ. ಇಬ್ಬರಿದ್ದ ಮನೆ ಬಿಟ್ಟು ಗೋಳಗುಮ್ಮಟದ ಹಿಂದಿನ ಈ ಮಾಳಿಗೆ ಕೋಣೆ ಹಿಡಿದೆ. ಅಂದಿನಿಂದ ಮಾತಿಲ್ಲ. ಇನ್ನು ಮುಂದೆ ಈ ಪುಸ್ತಕದಲ್ಲಿ ಆಕೆಯನ್ನು 'ಬಬಲೇಶ್ವರದವರು' ಎಂದೇ ಬರೆಯುವುದು. ಹೆಸರು ಬರೆಯುವಷ್ಟು ಸಲಿಗೆ ಈಗ ಉಳಿದಿಲ್ಲ.

ಬಬಲೇಶ್ವರದವರಿಗೊಂದು ಕೆಟ್ಟ ಚಾಳಿ ಇತ್ತು. ಅಡುಗೆಮನೆಯಿಂದ "ನಂದಾ" ಎಂದು ಜೋರಾಗಿ ಕರೆಯುವರು, ಮುಂದಿನ ಮಾತನ್ನು ಒಲೆಗೆ ಮುಖ ಮಾಡಿ ಹೇಳುವರು. ನನಗೆ ಹೆಸರೊಂದೇ ಕೇಳುತ್ತಿತ್ತು. "ಏನಂದಿ?" ಎಂದು ಕೂತಲ್ಲಿಂದಲೇ ಒದರುತ್ತಿದ್ದೆ. ಅವರೂ ಬರುತ್ತಿರಲಿಲ್ಲ, ನಾನೂ ಏಳುತ್ತಿರಲಿಲ್ಲ. ಈಗ ಆ ಕಿರಿಕಿರಿ ತಪ್ಪಿತು. ಆಸ್ಪತ್ರೆಯ ಸದ್ದಿಲ್ಲದ ಕೋಣೆಗೂ ಇಷ್ಟು ಶಾಂತಿ ಇಲ್ಲ.

ಫೆಬ್ರವರಿ 26

ಶಿವರಾತ್ರಿ. ರಜೆ. ಉಪವಾಸ ಮಾಡಲಿಲ್ಲ, ಅಡುಗೆಯನ್ನೂ ಮಾಡಲಿಲ್ಲ. ಶಿವ ಇದನ್ನು ಯಾವುದಕ್ಕೆ ಹಿಡಿಯುತ್ತಾನೋ ಹಿಡಿಯಲಿ. ಕಿಟಕಿಯಿಂದ ಗುಮ್ಮಟ ನೋಡಲು ಬಂದವರು ಕಬ್ಬಿನ ರಸದವನೊಂದಿಗೆ ರೇಟಿಗಾಗಿ ಜಗ್ಗಾಡುವುದು ಕೇಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ನಾನು ಬಾಯಿ ಬಿಟ್ಟು ಆಡಿದ್ದು ಒಂದೇ ಮಾತು, ಹಾಲಿನವನಿಗೆ: "ಅರ್ಧ ಲೀಟರ್ ಸಾಕು."

ಮಾರ್ಚ್ 4, ಮಂಗಳವಾರ

ಟಿಕೋಟಾದಿಂದ ಒಂದು ಕೂಸು ಬಂದಿತ್ತು. ಹೆಸರು ನಾಜಿಯಾ, ಐದು ತುಂಬಿ ಆರರಲ್ಲಿ ನಡೆಯುತ್ತಿದೆ. ತಂದೆ ಉಮರ ಟೆಂಪೊ ಓಡಿಸುತ್ತಾನೆ. ತಾಯಿ ಶಾಹೀನಳಿಗೆ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೆಲಸ. ಜನವರಿಯಲ್ಲಿ ಯಾವುದೋ ಶಿಬಿರದಲ್ಲಿ ಪರೀಕ್ಷೆ ಮಾಡಿ, ಎರಡೂ ಕಿವಿ ಪೂರ್ತಿ ಕೇಳುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ನಿಗೆ ಏಪ್ರಿಲ್ 24 ಗೊತ್ತಾಗಿದೆ, ಖರ್ಚೆಲ್ಲ ಶಿಬಿರದವರದೇ. ಅದಕ್ಕೆ ಮೊದಲು ಇಲ್ಲಿ ಇನ್ನೊಮ್ಮೆ ಪರೀಕ್ಷೆ ಆಗಬೇಕು. ಅದು ನನ್ನ ಪಾಲಿನ ಕೆಲಸ.

ಹುಡುಗಿ ಬಾಗಿಲಲ್ಲಿ ನಿಂತು ಗೋಡೆಯ ಆನೆಯ ಚಿತ್ರ ನೋಡುತ್ತಿದ್ದಳು. ಸುಮ್ಮನೆ "ನಾಜಿಯಾ" ಎಂದೆ. ತಿರುಗಿದಳು! ಪೂರ್ತಿ ಕೇಳದವಳು ಹೇಗೆ ತಿರುಗಿದಳು?

ಏಸಿ ಹಾಕಿದ ನನ್ನ ಕೋಣೆಯಲ್ಲಿ ಕೂರಿಸಿ ಎಲ್ಲ ಪರೀಕ್ಷೆ ಮಾಡಿದೆ. ಒಳಕಿವಿ ಚೆನ್ನಾಗಿ ಉತ್ತರ ಕೊಡುತ್ತಿದೆ. ತಲೆಗೆ ತಂತಿ ಹಚ್ಚಿ ನರದ ಅಲೆ ನೋಡಿದರೆ ಅಲೆಗಳು ಸಣ್ಣವು, ತಡವಾಗಿ ಬರುತ್ತವೆ, ಆದರೆ ಇವೆ. ಸದ್ದು ಕೇಳಿದಾಗೆಲ್ಲ ಡಬ್ಬಿಯೊಳಗೆ ಗೋಲಿ ಹಾಕು ಎಂದರೆ ಮೆಲ್ಲಗಿನ ಸದ್ದಿಗೂ ಹಾಕಿದಳು. ಸ್ವಲ್ಪ ಮಂದ, ಅಷ್ಟೇ.

ಶಾಹೀನ ಹೇಳಿದಳು: "ಈಕಿ ಕೇಳ್ತಾಳ್ರಿ ಮೇಡಂ. ಒಮ್ಮೊಮ್ಮೆ ಏನ ಆಗ್ತದೋ, ಹೆಸರ ಕರದ್ರ ತಿರಗ್ತಾಳ, ಮುಂದ ಹೇಳಿದ್ದು ಮುಟ್ಟಂಗಿಲ್ಲ. ನಮ್ಮ ಅತ್ತಿ, ಹಠಮಾರಿ ಐತಿ, ಬೇಕಂತ ಮಾಡ್ತದ ಅಂತಾರ."

ವರದಿಯನ್ನು ಸರ್ಜನ್ ಹತ್ತಿರ ಒಯ್ದೆ. ಅವರು ಕೆಟ್ಟವರಲ್ಲ, ಅವಸರದವರು. "ನೋಡ್ರಿ ನಂದಾ, ಎರಡು ರಿಪೋರ್ಟಿನ್ಯಾಗ ಒಂದು ತಪ್ಪು. ನಮ್ಮ ಮಷಿನ್ ಹಳೇದು. ಜುಲೈಕ್ಕ ಹುಡುಗಿಗೆ ಆರು ತುಂಬ್ತಾವ, ಆಮ್ಯಾಲ ಶಿಬಿರದ ಪಟ್ಟಿಯೊಳಗ ಹೆಸರು ಇರಂಗಿಲ್ಲ. ನಾಳೆ ಖರೇನ ಕೇಳಲಿಲ್ಲಂದ್ರ ಆಪರೇಷನ್ ಯಾರು ಮಾಡಸ್ತಾರ, ನೀವು?"

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಯಂತ್ರ ಕೂರಿಸಿದರೆ ಇರುವ ಕೇಳುವ ಶಕ್ತಿ ಬಹುಮಟ್ಟಿಗೆ ಹೋಗಿಬಿಡುತ್ತದೆ. ಕೂರಿಸದೆ ಬಿಟ್ಟು ಅವಳು ನಿಜಕ್ಕೂ ಕಿವುಡಿಯಾಗಿದ್ದರೆ ಈ ಅವಕಾಶ ಮತ್ತೆ ಸಿಗುವುದಿಲ್ಲ. ಹುಡುಗಿ ಹೋಗುವಾಗ ಆನೆಗೆ ಟಾಟಾ ಮಾಡಿದಳು, ನನಗೆ ಮಾಡಲಿಲ್ಲ.

ಮಾರ್ಚ್ 6, ಗುರುವಾರ

ಬುತ್ತಿ ಬಂತು. ಎಲ್ಲ ಬೀಬಿಜಾನರಿಗೇ ಕೊಟ್ಟೆ, ಅವರಿಗೆ ರೋಜಾ ಇದೆ, ಸಂಜೆಗೆ ಆಗುತ್ತದೆ. ಚಟ್ನಿ ಮಾತ್ರ ಇಟ್ಟುಕೊಂಡೆ. ಅವರಿಗೆ ಅಷ್ಟು ಖಾರ ಆಗುವುದಿಲ್ಲ.

ಎರಡು ದಿನದಿಂದ ಓದುತ್ತಿದ್ದೇನೆ. ಓದಿದ್ದನ್ನು ನನ್ನ ಮಾತಿನಲ್ಲಿ ಹೇಳಿದರೇ ನನಗೆ ತಿಳಿಯುವುದು, ಅದು ಕಾಲೇಜಿನ ಕಾಲದ ಅಭ್ಯಾಸ. ಮೊದಲು ಬಬಲೇಶ್ವರದವರಿಗೆ ಹೇಳುತ್ತಿದ್ದೆ, ಅವರು ರೊಟ್ಟಿ ಬಡಿಯುತ್ತ "ಹೂಂ" ಅನ್ನುತ್ತಿದ್ದರು. ಈಗ ಈ ಪುಸ್ತಕಕ್ಕೆ ಹೇಳುತ್ತೇನೆ. ಇದು "ಹೂಂ" ಅನ್ನುವುದಿಲ್ಲ.

ಒಳಕಿವಿಯಲ್ಲಿ ತಲೆಯ ಮೇಲೆ ಕೂದಲಿನಂಥ ಎಳೆ ಹೊತ್ತ ಕೋಶಗಳಿವೆ. ಸದ್ದು ಬಂದು ಆ ಎಳೆಗಳನ್ನು ಬಾಗಿಸಿದಾಗ ಕೋಶದ ಬುಡದಲ್ಲಿ ಸಣ್ಣ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಮೂಳೆ ಗಟ್ಟಿಯಾಗಲಿ ಎಂದು ಮಕ್ಕಳಿಗೆ ಹಾಲು ಕುಡಿಸುತ್ತೇವಲ್ಲ, ಅದೇ ಕ್ಯಾಲ್ಸಿಯಂ. ಅಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ತಯಾರಾಗಿ ನಿಂತಿರುತ್ತವೆ. ಕ್ಯಾಲ್ಸಿಯಂ ಬಂದರೆ ಮಾತ್ರ ಚೀಲ ಬಾಯಿ ಬಿಚ್ಚುತ್ತದೆ. ಒಳಗಿದ್ದದ್ದು ಹೊರಬಿದ್ದು ಪಕ್ಕದ ನರಕ್ಕೆ ಮುಟ್ಟಿತೆಂದರೆ ಅದು ಮೆದುಳಿಗೆ ಸುದ್ದಿ, ನಮಗೆ ಸದ್ದು. ಕ್ಯಾಲ್ಸಿಯಂ ಬಂದದ್ದನ್ನು ಗುರುತಿಸಿ ಚೀಲ ಬಿಚ್ಚಿಸುವುದು, ಬರಿದಾದ ಜಾಗಕ್ಕೆ ಹೊಸ ಚೀಲ ತಂದು ನಿಲ್ಲಿಸುವುದು ಓಟೋಫರ್ಲಿನ್ ಎಂಬ ಪ್ರೋಟೀನಿನ ಕೆಲಸ.

ಕೆಲವೇ ಕೆಲವರಲ್ಲಿ ಈ ಪ್ರೋಟೀನ್ ಹುಟ್ಟುತ್ತಲೇ ಸ್ವಲ್ಪ ಬೇರೆ ಥರ ಇರುತ್ತದೆ. ಮೈ ತಣ್ಣಗಿದ್ದಾಗ ಹೇಗೋ ದುಡಿಯುತ್ತದೆ. ಜ್ವರ ಬಂದು ಮೈ ಕಾದರೆ ಕುಸಿದುಬಿಡುತ್ತದೆ. ಆಗ ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ಬರುತ್ತದೆ, ತಯಾರಿದ್ದ ಒಂದೆರಡು ಚೀಲ ಬಿಚ್ಚಿಕೊಳ್ಳುತ್ತವೆ, ಅವುಗಳ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಮೊದಲ ಸದ್ದು ಕೇಳುತ್ತದೆ, ಮುಂದಿನದು ಆರಿಹೋಗುತ್ತದೆ. ಜ್ವರ ಏರಿದರೆ ಮೊದಲಿನದೂ ಇಲ್ಲ. ಜ್ವರ ಇಳಿದರೆ ಎಲ್ಲ ವಾಪಸ್.

ಹೆಸರು ಮುಟ್ಟುತ್ತದೆ, ಮುಂದಿನ ಮಾತು ಮುಟ್ಟುವುದಿಲ್ಲ. ಎದ್ದು ನಿಂತುಬಿಟ್ಟೆ. ಶಾಹೀನಳಿಗೆ ಫೋನ್ ಮಾಡಿ, ಶಿಬಿರದ ದಿನ ಕೂಸಿಗೆ ಜ್ವರ ಇತ್ತೇ ಎಂದು ಕೇಳಿದೆ.

"ಇತ್ರಿ, ಮೈ ಸುಡತಿತ್ತು. ಆದ್ರ ಚೀಟಿ ನಂಬರ ಹತ್ತಿತ್ತು, ಬಿಟ್ಟು ಬರಾಕ ಆಗ್ತದೇನ್ರಿ?"

ಇಷ್ಟು ದೊಡ್ಡ ಸಂಗತಿ ಗೊತ್ತಾಗಿ, ಹೇಳಲು ಕೋಣೆಯಲ್ಲಿ ಯಾರೂ ಇಲ್ಲ. ರೊಟ್ಟಿ ಕೊಟ್ಟುಬಿಟ್ಟಿದ್ದೆ, ಅನ್ನಕ್ಕೆ ಚಟ್ನಿ ಹಚ್ಚಿಕೊಂಡು ಉಂಡೆ.

ಮಾರ್ಚ್ 11

ದಿನವಿಡೀ ನನ್ನ ಹೆಸರನ್ನು ಎಷ್ಟೋ ಜನ ಕರೆಯುತ್ತಾರೆ. ನಂದಾ, ಆ ಫೈಲು. ನಂದಾ, ಇವರದು ಮೊದಲು ನೋಡು. ಹೆಸರಿನ ಬೆನ್ನಿಗೆ ಬರುವುದೆಲ್ಲ ಕೆಲಸ. ಸಂಜೆ ಮೆಟ್ಟಿಲು ಹತ್ತಿದ ಮೇಲೆ ಹೆಸರನ್ನೂ ಯಾರೂ ಕರೆಯುವುದಿಲ್ಲ.

ಮಾರ್ಚ್ 19, ಬುಧವಾರ

ಸರ್ಜನ್ ನನ್ನ ಓದನ್ನೆಲ್ಲ ಕೇಳಿ, "ಪುಸ್ತಕದಾಗ ಇರೂದೆಲ್ಲ ಟಿಕೋಟಾದಾಗ ಇರ್ತದೇನು? ಜ್ವರ ಇದ್ದಾಗ ಒಂದು, ಇಲ್ಲದಾಗ ಒಂದು, ಎರಡೂ ರಿಪೋರ್ಟ್ ತೋರಸ್ರಿ, ನಾ ಕೈ ಬಿಡ್ತೀನಿ" ಎಂದಿದ್ದರು. ಜ್ವರ ಬಂದ ಕೂಡಲೇ ಕರೆತನ್ನಿ ಎಂದು ಶಾಹೀನಳಿಗೆ ಹೇಳಿಟ್ಟಿದ್ದೆ.

ಇವತ್ತು ಜ್ವರ ಬಂತು, ಓಡಿ ಬಂದರು. ಥರ್ಮಾಮೀಟರ್ ಇಟ್ಟರೆ ಜ್ವರವೇ ಇಲ್ಲ! "ಕಾಯೋ ಕೂಸನ್ನ ಹಂಗ ಬಸ್ಸಿನ್ಯಾಗ ತರಾಕ ಆಗ್ತದೇನ್ರಿ? ಔಷಧ ಹಾಕೇ ತಂದೀವಿ. ದವಾಖಾನಿಯೊಳಗ ಕಿರಿಕಿರಿ ಮಾಡಬಾರದಲ್ರಿ" ಎಂದಳು ಶಾಹೀನ. ಟಿಕೋಟಾದಿಂದ ಇಲ್ಲಿಗೆ ಬರುವಷ್ಟರಲ್ಲಿ ಔಷಧ ತನ್ನ ಕೆಲಸ ಮುಗಿಸಿತ್ತು, ನನ್ನ ಏಸಿ ಉಳಿದದ್ದನ್ನು ಮುಗಿಸಿತು. ನಾಜಿಯಾ ಲವಲವಿಕೆಯಿಂದ ಗೋಲಿ ಹಾಕಿದಳು, ಎಲ್ಲ ಸದ್ದಿಗೂ.

ಮುಂದಿನ ಸಲ ಔಷಧ ಹಾಕಬೇಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಜ್ವರದಲ್ಲಿ ಬೇಯುವ ಕೂಸಿನ ಔಷಧ ತಡೆದು ನಾನು ಅಲೆ ನೋಡುತ್ತ ಕೂರಬೇಕೆ? "ಔಷಧ ಯಾವಾಗ ಕೊಡಬೇಕೋ ಆವಾಗ ಕೊಡ್ರಿ, ನನ್ನ ಸಲುವಾಗಿ ನಿಂದರಬ್ಯಾಡ್ರಿ" ಎಂದೆ. ಅವಳು ಜ್ವರದಲ್ಲಿ ಬರಲಾಗದಿದ್ದರೆ ಪರೀಕ್ಷೆಯ ಯಂತ್ರವೇ ಟಿಕೋಟಾಕ್ಕೆ ಹೋಗಬೇಕು.

ಮಾರ್ಚ್ 21

ಯಂತ್ರ ಒಯ್ಯಲು ಒಪ್ಪಿಗೆ ಸಿಕ್ಕಿತು. ಷರತ್ತು ಒಂದೇ. ಬಸ್ಸು, ಆಟೋ ಬೇಡ, ಕುಲುಕಾಡಿದರೆ ಕೆಡುತ್ತದೆ, ಕಾರಿನಲ್ಲೇ ಹೋಗಬೇಕು. ಸ್ಟೇಷನ್ ರಸ್ತೆಯ ಬಾಡಿಗೆ ಕಾರಿನವನಿಗೆ ಹೇಳಿಟ್ಟೆ. ಕರೆದ ಗಳಿಗೆಗೆ ಬರುತ್ತೇನೆ ಎಂದಿದ್ದಾನೆ. ಬಬಲೇಶ್ವರದ ಗುರಲಿಂಗಪ್ಪನವರ ಅಂಗಡಿಯಲ್ಲಿ ಒಂದು ಓಮ್ನಿ ಇದೆ. ಆ ಕಡೆ ವಿಚಾರ ಮಾಡುವ ಅಗತ್ಯವೇ ಇಲ್ಲ.

ಮಾರ್ಚ್ 27, ಗುರುವಾರ

ಮುರ್ತುಜಾಸಾಬರ ಮೊಣಕಾಲು ಬಾತಿದೆ. ಬುತ್ತಿ ತರಲು ನಾನೇ ಸ್ಟ್ಯಾಂಡಿಗೆ ಹೋದೆ, ಬೇರೆ ದಾರಿ ಇರಲಿಲ್ಲ. ಕಂಡಕ್ಟರ್ ಡಬ್ಬಿ ಕೊಡುತ್ತ, "ಅಕ್ಕಾರು ಕೇಳಾಕತ್ತಿದ್ರು, ಡಬ್ಬಿ ತಗೊಳ್ಳಾಕ ನೀವ ಬರ್ತೀರೇನಂತ" ಎಂದ. ನಾನು ಡಬ್ಬಿ ಚೀಲಕ್ಕೆ ಹಾಕಿಕೊಂಡು ನಡೆದೆ.

ಈ ಸಲ ಮಾದಲಿ ಕಳಿಸಿದ್ದಳು ವಿದ್ಯಾವತಿ. ಗೋಧಿಯ ರವೆ, ಬೆಲ್ಲ, ಗಸಗಸೆ, ಎಲ್ಲ ಅವ್ವನ ಅಳತೆ. ಬೀಬಿಜಾನರಿಗೆ ಅರ್ಧ ಕೊಟ್ಟೆ. ತೊಳೆದ ಖಾಲಿ ಡಬ್ಬಿಯನ್ನು ವಾಪಸ್ ಕಳಿಸಲೆಂದು ಇಟ್ಟಿದ್ದನ್ನು ಮುರ್ತುಜಾಸಾಬರು ನೋಡಿ ಬೈದರು. "ಖಾಲಿ ಡಬ್ಬಿ ಕಳಸ್ತಾರೇನ್ರಿ ಯಾರರ? ಒಂದು ಕಾಳು ಸಕ್ಕರಿಯರ ಹಾಕ್ರಿ. ಇಷ್ಟ ದಿನ ನಮ್ಮಾಕಿ ಏನರ ಹಾಕೇ ಕಳಸ್ಯಾಳ, ನಿಮ್ಮ ಹೆಸರಲೆ."

ಅಂದರೆ ಇಷ್ಟು ದಿನ ನನ್ನ ಹೆಸರಿನಲ್ಲಿ ಬೀಬಿಜಾನ ಏನೇನೋ ಕಳಿಸಿದ್ದಾರೆ! ಕೋಪ ಬರಬೇಕಿತ್ತು, ಬರಲಿಲ್ಲ. ಶಾಹೀನ ಕೊಟ್ಟ ಒಣದ್ರಾಕ್ಷಿ ಇತ್ತು, ಒಂದು ಹಿಡಿ ಹಾಕಿದೆ. ಪದ್ಧತಿ ಎಂದು ಹಾಕಿದ್ದು, ಬೇರೇನಿಲ್ಲ.

ಮಾರ್ಚ್ 31

ನಿನ್ನೆ ಯುಗಾದಿ, ಇವತ್ತು ರಂಜಾನ್ ಹಬ್ಬ. ನಿನ್ನೆ ಬೇವು ಬೆಲ್ಲವನ್ನು ಒಬ್ಬಳೇ ತಿಂದೆ, ಬೇವೇ ಹೆಚ್ಚಾಗಿತ್ತು. ಇವತ್ತು ಬೀಬಿಜಾನ ಬಟ್ಟಲು ತುಂಬ ಹಾಲು ಶ್ಯಾವಿಗೆಯ ಸುರಕುಂಬಾ ಕೊಟ್ಟರು. ಕೆಳಗೆ ಮೊಮ್ಮಕ್ಕಳ ಗದ್ದಲ. ಬಾಗಿಲು ಹಾಕಿಕೊಂಡೆ, ಆಮೇಲೆ ಗದ್ದಲ ಕೇಳಲೆಂದು ತೆರೆದೆ. ಇಬ್ಬರಿದ್ದಾಗ ಬೇವಿನ ಹೂವನ್ನು ವಿದ್ಯಾ ನನ್ನ ಪಾಲಿಗೆ ಕಡಿಮೆ ಹಾಕುತ್ತಿದ್ದಳು, ನಾನು ನೋಡಲಿಲ್ಲ ಎಂದುಕೊಂಡು.

ಏಪ್ರಿಲ್ 12

ಜ್ವರ ಬಂದಿಲ್ಲ. ಫೋನ್ ರಿಂಗಾದಾಗೆಲ್ಲ ಟಿಕೋಟಾದಿಂದ ಇರಲಿ ಎಂದುಕೊಳ್ಳುತ್ತೇನೆ. ಒಂದು ಕೂಸಿಗೆ ಜ್ವರ ಬರಲಿ ಎಂದು ಕಾಯುವ ಹೆಂಗಸಾದೆನಲ್ಲ ನಾನು. ನಾಚಿಕೆಯಾಗುತ್ತದೆ. ಆದರೂ ಕಾಯುತ್ತೇನೆ. ಆಪರೇಷನ್ ಹತ್ತಿರ ಬರುತ್ತಿದೆ.

ಶಾಹೀನ ಕೇಳಿದಳು, "ಮೇಡಂ, ನೀವು ಬ್ಯಾಡಂದ್ರ ಬಿಟ್ಟುಬಿಡ್ತೀವ್ರಿ, ಹೇಳಿಬಿಡ್ರಿ." ಬೇಡ ಎನ್ನಲು ನನಗೆ ಧೈರ್ಯ ಬರಲಿಲ್ಲ. ನನ್ನ ಊಹೆ ತಪ್ಪಿದ್ದರೆ? ಕೇಳುವವರು ಯಾರೂ ಇಲ್ಲ, ಒಬ್ಬಳೇ ತಿರುಗಿಸಿ ಮುರುಗಿಸಿ ಅದನ್ನೇ ವಿಚಾರ ಮಾಡುತ್ತೇನೆ.

ಏಪ್ರಿಲ್ 20, ಭಾನುವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಬೆಳಿಗ್ಗೆ ಶಾಹೀನ ಫೋನ್ ಮಾಡಿದಳು. ರಾತ್ರಿಯಿಂದ ಜ್ವರ, ಕೂಸು ಯಾವುದಕ್ಕೂ ತಿರುಗುತ್ತಿಲ್ಲ. ಅಲ್ಲಿಯ ಡಾಕ್ಟರಿಗೆ ತೋರಿಸಿದ್ದಾರೆ, ಗಂಟಲ ಜ್ವರವಂತೆ, ಬೆಳಗಿನ ಜಾವ ಔಷಧ ಹಾಕಿದ್ದಾರೆ, ಮುಂದಿನದು ಮಧ್ಯಾಹ್ನಕ್ಕೆ. ಜ್ವರ ಮತ್ತೆ ಏರುತ್ತಿದೆ. ಉಮರ ಒಣದ್ರಾಕ್ಷಿ ಹೇರಿಕೊಂಡು ತಾಸಗಾಂವಿನ ಪೇಟೆಗೆ ಹೋಗಿದ್ದಾನೆ.

ಬಾಡಿಗೆ ಕಾರಿನವನಿಗೆ ಫೋನ್ ಮಾಡಿದರೆ ಮದುವೆಯವರನ್ನು ಹತ್ತಿಸಿಕೊಂಡು ಸೋಲಾಪುರದ ದಾರಿಯಲ್ಲಿದ್ದ. ಇನ್ನಿಬ್ಬರಿಗೆ ಮಾಡಿದೆ, ಅವರೂ ಮದುವೆಗೇ. ಗುರುವಾರ ಆಪರೇಷನ್. ಆಸ್ಪತ್ರೆಯ ಮೆಟ್ಟಿಲ ಮೇಲೆ ಯಂತ್ರದ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಕೂತೆ. ಫೋನ್ ಕೈಯಲ್ಲಿತ್ತು. ಐದು ತಿಂಗಳಿನಿಂದ ಒತ್ತದ ನಂಬರನ್ನು ಹುಡುಕಬೇಕಾಗಲಿಲ್ಲ, ಬೆರಳಿಗೇ ಗೊತ್ತಿತ್ತು.

ಮೊದಲನೆಯ ರಿಂಗಿಗೇ ಎತ್ತಿದಳು. ಆ ಕಡೆಯಿಂದ "ನಂದಾ?" ಎಂದಳು. ನಾನು "ಅಕ್ಕಾ, ಗಾಡಿ ಬೇಕಾಗೇತಿ" ಎಂದೆ. ಯಾಕೆ, ಯಾರಿಗೆ ಎಂದು ಆಕೆ ಏನೂ ಕೇಳಲಿಲ್ಲ. "ಎಲ್ಲಿ ಅದಿ? ಅಲ್ಲೇ ನಿಂದರು, ಬಂದ್ವಿ" ಎಂದಳು.

ಓಮ್ನಿಯಲ್ಲಿ ಮೊಳೆ, ಪೈಪಿನ ವಾಸನೆ. ಗುರಲಿಂಗಪ್ಪನವರು ಪೆಟ್ಟಿಗೆಯನ್ನು ಅಕ್ಕನ ತೊಡೆಯ ಮೇಲೆ ಇಡಿಸಿ, ತಗ್ಗು ಬಂದಾಗೆಲ್ಲ ಎತ್ತಿನ ಗಾಡಿಗಿಂತ ಮೆಲ್ಲಗೆ ನಡೆಸಿದರು. ಮಾತು ಕಡಿಮೆಯ ಮನುಷ್ಯ. ಅವರನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ದಾರಿಯುದ್ದಕ್ಕೂ ನಾನು ಕ್ಯಾಲ್ಸಿಯಂ, ಚೀಲ, ಜ್ವರ ಎಂದು ಒಂದೇ ಸಮನೆ ಹೇಳಿದೆ. ಬೇರೇನು ಹೇಳಬೇಕೋ ತಿಳಿಯದೆ ಅದನ್ನೇ ಹೇಳಿದೆ. ಅಕ್ಕ ಪೆಟ್ಟಿಗೆ ತಬ್ಬಿಕೊಂಡು "ಹೂಂ" "ಹೂಂ" ಅಂದಳು.

ಶಾಹೀನಳ ಮನೆಯಲ್ಲಿ ಅತ್ತೆ ಕೂಸಿಗೆ ಎರಡು ಕೌದಿ ಹೊದಿಸಿ, ತಲೆಗೆ ಶಾಲು ಸುತ್ತಿ, ಕಿವಿಗೆ ಹತ್ತಿ ಇಟ್ಟು ಮಲಗಿಸಿದ್ದರು. ಬೆವರು ಬಂದರೆ ಜ್ವರ ಇಳಿಯುತ್ತದೆ ಎಂದು ಇಲ್ಲಿ ಎಲ್ಲರೂ ಮಾಡುವುದು ಹೀಗೆಯೇ. ಪ್ರೀತಿಯಿಂದಲೇ ಕೂಸನ್ನು ಕುದಿಸುತ್ತಿದ್ದರು. ಜ್ವರ ನೂರಾ ಮೂರು. "ಕೌದಿ ತಗೀರಿ" ಎಂದು ನಾನೇ ಕಿತ್ತೆ, ಹತ್ತಿಯನ್ನೂ ತೆಗೆದೆ. ತಂತಿ ಹಚ್ಚಿದೆ.

ಗೆರೆ ಸಪಾಟು. ಎಷ್ಟು ಜೋರಾದ ಸದ್ದು ಕೊಟ್ಟರೂ ನರದ ಅಲೆ ಇಲ್ಲ. ಒಳಕಿವಿ ಮಾತ್ರ ಎಂದಿನಂತೆ ಉತ್ತರ ಕೊಡುತ್ತಿತ್ತು. ಕಿವಿ ಕೇಳಿಸಿಕೊಂಡಿದೆ, ನರಕ್ಕೆ ಮುಟ್ಟಿಸುತ್ತಿಲ್ಲ. ಶಿಬಿರದವರು ಕಂಡದ್ದು ಇದನ್ನೇ. ಅವರ ಯಂತ್ರವೂ ಸರಿಯಿತ್ತು, ನನ್ನದೂ ಸರಿಯಿತ್ತು. ಕಾಗದದ ಮೇಲೆ ಜ್ವರ ಎಷ್ಟೆಂದು ಬರೆದು, ಕೂಡಲೇ ಔಷಧ ಹಾಕಿಸಿದೆ.

ಆಮೇಲೆ ಕಾಯುವ ಕೆಲಸ. ಅಕ್ಕ ಸೆರಗು ಸಿಕ್ಕಿಸಿ ಕೂಸಿನ ಹಣೆ, ಕಂಕುಳು, ಪಾದಕ್ಕೆ ನೀರಿನ ಬಟ್ಟೆ ಒತ್ತಿದಳು. "ನಾಜಿಯಾ, ನಿಮ್ಮ ಸಾಲ್ಯಾಗ ಏನ ಕಲಿಸ್ಯಾರವಾ?" ಎಂದು ಮಾತಾಡಿಸುತ್ತಲೇ ಇದ್ದಳು. ಕೇಳುವುದಿಲ್ಲ ಎಂದೆ. "ಕೇಳಲಿ ಬಿಡಲಿ, ಹತ್ತರ ಕುಂತು ಮಾತಾಡಾಕ ಏನ ಅಡ್ಡಿ?" ಎಂದಳು. ಆಮೇಲೆ ನನ್ನ ಕಡೆ ನೋಡದೆ, ಬಟ್ಟೆ ಹಿಂಡುತ್ತ ಹೇಳಿದಳು: "ಮದುವಿ ಸುದ್ದಿ ನಿನಗ ಮೊದಲ ಹೇಳಬೇಕಂತ ದಿನಾ ಬಾಯಿ ತಗೀತಿದ್ನಿ. ನಂದಾ ಅಂತಿದ್ನಿ, ಮುಂದಿಂದು ಹೊರಗ ಬರತಿದ್ದಿಲ್ಲ. ನೀ ಒಬ್ಬಾಕಿ ಆಗ್ತಿ ಅನ್ನೂದು ಬಾಯಾಗ ಅಡ್ಡ ನಿಂದರತಿತ್ತು."

ನಾನು ಯಂತ್ರದ ಕಡೆ ತಿರುಗಿ ತಂತಿ ಸರಿಪಡಿಸಿದೆ. ತಂತಿ ಸರಿಯಾಗಿಯೇ ಇತ್ತು. ಒಬ್ಬಳೇ ಆಗುತ್ತೇನೆ ಎಂಬ ಭಯವನ್ನು ನಾನು ಸಿಟ್ಟು ಎಂದುಕೊಂಡಿದ್ದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಜ್ವರ ನೂರಕ್ಕೆ ಬಂತು. ಗೆರೆಯಲ್ಲಿ ಒಂದು ಸಣ್ಣ ಉಬ್ಬು ಕಂಡಿತು. ನನ್ನ ಕಣ್ಣಿನ ಭ್ರಮೆ ಎಂದು ಮತ್ತೆ ತೆಗೆದೆ. ಮತ್ತೆ ಬಂತು. ಇನ್ನಷ್ಟು ತಣ್ಣಗಾದ ಮೇಲೆ ಅಲೆ ಅಲೆಯಾಗಿಯೇ ಬಂತು, ಮಾರ್ಚಿನಲ್ಲಿ ಬಂದ ಹಾಗೆಯೇ, ತಡವಾಗಿ, ಸಣ್ಣದಾಗಿ. ಪ್ರತಿಯೊಂದು ಕಾಗದದ ಮೇಲೂ ಜ್ವರ ಬರೆದೆ.

ಅಕ್ಕ ಕೂಸಿನ ಬೆನ್ನ ಹಿಂದಿನಿಂದ ಮೆಲ್ಲಗೆ ಅಂದಳು, "ನಾಜಿಯಾ, ಮಾದಲಿ ತಿಂತಿಯೇನ?"

ನಾಜಿಯಾ ತಿರುಗಿ, "ಮಾದಲಿ ಅಂದ್ರ ಏನು?" ಎಂದಳು.

ಶಾಹೀನ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು. ಅತ್ತೆ "ಹಠಮಾರಿ ಅಂದ್ನೆಲ್ಲವಾ ನಾ" ಎನ್ನುತ್ತ ಕೂಸಿನ ಕಾಲು ಹಿಡಿದು ಕೂತರು. ನನ್ನನ್ನು ಕೋಣೆಗೆ ಬಿಡುವಾಗ ಅಕ್ಕ, "ಊಟಕ್ಕ ಏನ ಮಾಡ್ತಿ?" ಎಂದಳು. ಏನೋ ಮಾಡಿಕೊಳ್ಳುತ್ತೇನೆ ಎಂದೆ. ಓಮ್ನಿ ತಿರುವಿನಲ್ಲಿ ಕಾಣದಾಗುವವರೆಗೆ ನಿಂತಿದ್ದೆ. ಕೋಣೆ ಎಂದಿಗಿಂತ ದೊಡ್ಡದು ಅನ್ನಿಸುತ್ತಿದೆ.

ಏಪ್ರಿಲ್ 22

ಸರ್ಜನ್ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಆಮೇಲೆ ಆಪರೇಷನ್ ಪಟ್ಟಿಯಲ್ಲಿ ನಾಜಿಯಾಳ ಹೆಸರಿಗೆ ಗೆರೆ ಹೊಡೆದರು. "ರಕ್ತ ಜೀನ್ ಪರೀಕ್ಷೆಗೆ ಕಳಸೂಣು. ಆದ್ರ ಇದನ್ನ ನೋಡಿದ ಮ್ಯಾಲೆ ಚಾಕು ಹಿಡಿಯಾಕ ಮನಸ್ಸಿಲ್ಲ" ಎಂದರು. ಇನ್ನು ಅವಳಿಗೆ ಬೇಕಾದದ್ದು ಇಷ್ಟೇ: ಜ್ವರ ಬಂದರೆ ತಡಮಾಡದೆ ಇಳಿಸಬೇಕು, ಕೌದಿ ಹೊದಿಸಬಾರದು, ಬಿಸಿಲಲ್ಲಿ ಓಡಿಸಬಾರದು, ಕೇಳದ ದಿನ ಹತ್ತಿರ ಹೋಗಿ ಎದುರಿಗೆ ಕೂತು ಮಾತಾಡಬೇಕು. ಶಾಲೆಯವರಿಗೂ ಬರೆದುಕೊಟ್ಟೆ.

ಶಾಹೀನಳಿಗೆ ಫೋನ್ ಮಾಡಿದೆ. ಆಮೇಲೆ ಅಕ್ಕನಿಗೆ ಮಾಡಲೆಂದು ಫೋನ್ ಎತ್ತಿದೆ, ಇಟ್ಟೆ. ಗುರುವಾರ ಡಬ್ಬಿಯಲ್ಲಿ ಒಂದು ಚೀಟಿ ಹಾಕಿದರಾಯಿತು ಎಂದುಕೊಂಡೆ. ಗೆದ್ದ ದಿನ ಅರ್ಧ ಲೀಟರ್ ಹಾಲೂ ಹೆಚ್ಚಾಗಿ ಉಳಿಯಿತು.

ಮೇ 1, ಗುರುವಾರ

ಕಾರ್ಮಿಕರ ದಿನದ ರಜೆ. ಹೋದ ಗುರುವಾರ ಬುತ್ತಿ ಬರಲಿಲ್ಲ, ಕೆಲಸ ಇರಬೇಕು ಎಂದು ಬಿಟ್ಟಿದ್ದೆ. ಇವತ್ತು ಸ್ಟ್ಯಾಂಡಿನಲ್ಲಿ ಮೊದಲೇ ಹೋಗಿ ನಿಂತೆ, ರೂಮಿನ ಹುಡುಗರ ನಡುವೆ. ಅವರೆಲ್ಲ ತಮ್ಮ ತಮ್ಮ ಡಬ್ಬಿ ತೆಗೆದುಕೊಂಡು ಹೋದರು. ಕಂಡಕ್ಟರ್, "ನಿಮ್ಮದು ಇಲ್ರಿ ಮೇಡಂ, ಇವತ್ತೂ ಕೊಟ್ಟಿಲ್ಲ" ಎಂದ.

ಕೇಳಿದ ದಿನ ಗಾಡಿ ತಂದವಳು, ಐದು ತಿಂಗಳು ಕಳಿಸಿದವಳು, ಈಗ ನಿಲ್ಲಿಸಿದಳೇ? ಚೀಲದಲ್ಲಿ ಹೋದ ಸಲದ ಡಬ್ಬಿ ಇತ್ತು. ಅದರಲ್ಲಿ ಬೀಬಿಜಾನರಿಂದ ಹೇಳಿಸಿಕೊಂಡು ನಾನೇ ಮಾಡಿದ ಶ್ಯಾವಿಗೆ ಇತ್ತು, ತಳ ಹಿಡಿದದ್ದು. ಬಸ್ಸು ತಿರುಗಿತು. ಹತ್ತಿ ಕೂತೆ. ಟಿಕೆಟ್ ಕೊಡುವಾಗ ಕಂಡಕ್ಟರ್ ನಕ್ಕ, "ಈ ಸಲ ಬುತ್ತಿ ತಿರುಗಿ ಹೊಂಟೈತಲ್ರಿ" ಎಂದ.

ಅಕ್ಕ ಬಾಗಿಲಲ್ಲೇ ಇದ್ದಳು. "ಇನ್ನ ಬಸ್ಸಿನ್ಯಾಗ ಕಳಸಂಗಿಲ್ಲ. ಉಣ್ಣಬೇಕಂದ್ರ ಬಂದು ಉಣ್ಣು" ಎಂದಳು. ಗುರಲಿಂಗಪ್ಪನವರು ಕುರ್ಚಿಯ ಮೇಲಿನ ಬಟ್ಟೆ ತೆಗೆದು ನನಗೆ ಜಾಗ ಮಾಡಿಕೊಟ್ಟು ಅಂಗಡಿಗೆ ಹೋದರು. ನನಗೆಂದು ತಂದ ಕುರ್ಚಿಯಲ್ಲ ಅದು, ಮನೆಯದು. ಅವರ ಮೇಲೆ ನನಗೆ ಇನ್ನೂ ಸ್ವಲ್ಪ ಹೊಟ್ಟೆಕಿಚ್ಚು ಇದೆ, ಅದು ಇರಲಿ. ಸಂಜೆಯ ಬಸ್ಸಿಗೆ ವಾಪಸ್ ಹೋಗಬೇಕು, ಕೋಣೆ ಅಲ್ಲೇ ಇದೆ.

ಇದನ್ನು ಆ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗಿನಿಂದ ಅಕ್ಕ ಜೋರಾಗಿ ಕರೆದಳು, "ನಂದಾ." ಮುಂದಿನ ಮಾತನ್ನು ಒಲೆಗೆ ಹೇಳಿದಳು, ಒಗ್ಗರಣೆಯ ಸದ್ದಿನಲ್ಲಿ ಒಂದೂ ಕೇಳಲಿಲ್ಲ.

ಪುಸ್ತಕ ಮುಚ್ಚಿ ಒಳಗೆ ಹೋಗುತ್ತೇನೆ, ಏನಂದಳೋ ಹತ್ತಿರ ನಿಂತು ಕೇಳಬೇಕು.